ಮಂಕರಿಯ ಮೇಲಿನ ಕಲ್ಲು

ಮೊನ್ನೆ ಕಿರಿಮಗಳ ದಿಂಬಿನಡಿ ಹಳೆಯ ಕುಡುಗೋಲು ಇಡುವಾಗ ಕಬ್ಬಿಣ ಕೈಗೆ ಬೆಚ್ಚಗೆ ತಾಗಿತು. ಏಪ್ರಿಲ್ ತಿಂಗಳು, ಹಿರಿಯೂರಿನ ಬಿಸಿಲು. ನೆರಳಲ್ಲಿದ್ದ ಕಬ್ಬಿಣವೂ ಕಾದಿರುತ್ತದೆ. ಮಗಳು ಹೆತ್ತು ಹನ್ನೊಂದು ದಿನ. ಬಾಣಂತಿಯ ತಲೆಯ ಬಳಿ ಕಬ್ಬಿಣ ಇರಬೇಕು, ಕಿಟಕಿ ಮುಚ್ಚಿರಬೇಕು, ಫ್ಯಾನು ತಿರುಗಬಾರದು, ನೀರು ಗುಟುಕು ಮಾತ್ರ. ಇದೆಲ್ಲ ಯಾಕೆಂದು ನನ್ನನ್ನು ಕೇಳಬೇಡಿ. ನನ್ನ ಬಾಣಂತನದಲ್ಲಿ ನನಗೂ ಯಾರೂ ಕೇಳಗೊಡಲಿಲ್ಲ. ಮಗಳು ಒಂದು ಲೋಟ ನೀರು ಕೇಳಿದಳು. ಹೊಟ್ಟೆ ಬರುತ್ತದೆ ಎಂದು ಗದರಿ, ಗಾಳಿ ನುಗ್ಗದಿರಲೆಂದು ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದೆ. ಕಬ್ಬಿಣದ ಬಿಸಿ ಅಂಗೈಯಲ್ಲಿ ಹಾಗೇ ಉಳಿದಿತ್ತು. ಆ ಬಿಸಿಯ ಗುರುತು ನನಗೆ ಮೊದಲೇ ಇತ್ತು.

ಎಪ್ಪತ್ತರ ದಶಕ. ಬಿ.ದುರ್ಗದಿಂದ ಧರ್ಮಪುರದಾಚೆಯ ಹಳ್ಳಿಗೆ ಸೊಸೆಯಾಗಿ ಬಂದು ನಾಲ್ಕು ತಿಂಗಳಾಗಿತ್ತು. ಕೋಳಿಯನ್ನು ನಾನು ಚೆನ್ನಾಗಿ ಅರಿತಿದ್ದದ್ದು ಸಾರಿನಲ್ಲಿ ಮಾತ್ರ. ಕುರಿ, ಕಡಲೆಕಾಯಿ, ಕೋಳಿ ಎಲ್ಲವನ್ನೂ ಆಳುತ್ತಿದ್ದವರು ನಮ್ಮತ್ತೆ. ಬೇಸಿಗೆಯಲ್ಲಿ ಕಾವು ಕೂರಿಸುವುದು ಅವರಿಗೆ ಇಷ್ಟವಿರಲಿಲ್ಲ. ಆದರೆ ಕರಿ ಹೇಟೆಕೋಳಿ ಕಾವಿಗೆ ಬಂದು, ಮೂಲೆ ಬಿಟ್ಟೇಳದೆ, ಮುಟ್ಟಿದವರನ್ನೆಲ್ಲ ಕುಕ್ಕುತ್ತಿತ್ತು. ಸರಿ, ಬಿದಿರಿನ ಪುಟ್ಟಿಗೆ ಮರಳು ಹಾಕಿ, ಮೇಲೆ ಕಡಲೆಕಾಯಿ ಹೊಟ್ಟು ಹರಡಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಟ್ಟರು. ಹನ್ನೊಂದು ಮೊಟ್ಟೆಗಳನ್ನು ನನ್ನ ಕೈಯಿಂದಲೇ ಇಡಿಸಿದರು. ಹೊಸ ಸೊಸೆಯ ಕೈಗುಣ ನೋಡುತ್ತಿದ್ದದ್ದು ಹೀಗೆ. ಮರಿಯಾದರೆ ಕೈ ಒಳ್ಳೆಯದು. ಆಗದಿದ್ದರೆ ಬಿತ್ತನೆ ಬೀಜ ಮುಟ್ಟಗೊಡುವುದಿಲ್ಲ, ಹಾಲಿಗೆ ಹೆಪ್ಪು ಹಾಕಲೂ ಬಿಡುವುದಿಲ್ಲ. ಅಕ್ಕಪಕ್ಕದ ಹೆಂಗಸರು ಕೋಳಿ ನೋಡುವ ನೆಪದಲ್ಲಿ ಬಂದು ನನ್ನ ಬೆರಳುಗಳನ್ನು ನೋಡಿ ಹೋದರು.

ಹದಿನೇಳನೆಯ ದಿನ ಅತ್ತೆ ಮಗಳ ಮನೆಗೆಂದು ಐಮಂಗಲಕ್ಕೆ ಹೊರಟರು. ಬಸ್ಸಿಗೆ ಹೊತ್ತಾಗಿದ್ದರೂ ನಿಂತು ಹೇಳಿದರು: "ದಿನಾ ಒಂದ್ಸಲ ಎಬ್ಬಿಸಿ ನೀರು ಕುಡಿಸವ್ವ. ಮರಳು ತೋಯಿಸು. ಅದು ಎದ್ದೋದ್ರೆ ಹೆದರಬ್ಯಾಡ, ತಿರುಗಿ ಬರ್ತೈತೆ."

ನಾನು ಹೆದರಿದೆ. ಮಾರನೆಯ ದಿನ ಎಬ್ಬಿಸಿದರೆ ಹೇಟೆ ಬೇವಿನ ನೆರಳಿಗೆ ಹೋಗಿ, ರೆಕ್ಕೆ ಅಗಲಿಸಿ, ಬಾಯಿ ತೆರೆದು ನಿಂತುಬಿಟ್ಟಿತು. ನೀರಿನ ಚಿಪ್ಪು ಹುಡುಕುವಷ್ಟು ತಾಳ್ಮೆಯೂ ನನಗಿರಲಿಲ್ಲ. ಆ ಬಿಸಿಲಲ್ಲಿ ಮೊಟ್ಟೆ ತಣ್ಣಗಾಗುವುದಾದರೂ ಹೇಗೆ ಎಂದು ಯೋಚಿಸುವ ಬುದ್ಧಿಯಂತೂ ಇರಲೇ ಇಲ್ಲ. ನನ್ನ ಕೈ ಕೆಟ್ಟದಾಗುತ್ತದೆ ಎಂಬುದೊಂದೇ ತಲೆಯಲ್ಲಿ. ಹಿಡಿದು ತಂದು ಕೂರಿಸಿದೆ, ಮೇಲೆ ಬಿದಿರು ಹೆಣೆದ ಮಂಕರಿ ಕವುಚಿದೆ, ಅದರ ಮೇಲೆ ಒರಳಿನ ಗುಂಡುಕಲ್ಲು ಹೇರಿದೆ. ನಮ್ಮ ಯಜಮಾನರು ಕುರಿ ಹಿಂದೆ ದೂರ ಹೋಗಿದ್ದರು. ಮನೆಯಲ್ಲಿ ನಾನು, ಆ ಹೇಟೆ. ಮಂಕರಿಯ ಸಂದಿಯಲ್ಲಿ ಒಂದು ಕಣ್ಣು, ನಾನು ಎತ್ತ ಹೋದರೂ ಅತ್ತಲೇ. ನೀವು ನಗಬಹುದು, ಎರಡು ದಿನ ನಾನು ಒಂದು ಕೋಳಿಗೆ ಬೆನ್ನು ಹಾಕಿಕೊಂಡೇ ಮುದ್ದೆ ಉಂಡೆ.

ಇಪ್ಪತ್ತನೆಯ ದಿನ ಮಧ್ಯಾಹ್ನ ಒಳಗಿನ ಗೊರಗೊರ ಸದ್ದು ನಿಂತಿತು. ಸದ್ಯ, ನೆಲೆಯಾಗಿ ಕೂತಿತು ಎಂದುಕೊಂಡೆ. ಕಣ್ಣು ಮಾತ್ರ ಮುಚ್ಚಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಂದರು. ಕಲ್ಲನ್ನು ನೋಡಿದರು. ಅದನ್ನಿಳಿಸಿ ಮಂಕರಿ ಎತ್ತಿದರು. ಹೇಟೆ ಕೊಕ್ಕು ತೆರೆದು ಕೂತ ಹಾಗೇ ಕೂತಿತ್ತು. ಬೆನ್ನ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು. ಜೀವ ಇದೆ ಎಂದೆ. ಅತ್ತೆ ಅದರ ಕತ್ತನ್ನು ಒಂದು ಬೆರಳಿನಿಂದ ಎತ್ತಿ ಬಿಟ್ಟರು. ಅದು ಪಕ್ಕಕ್ಕೆ ವಾಲಿತು. ಆ ಬಿಸಿ ಕೋಳಿಯದಲ್ಲ, ನಮ್ಮ ತಗಡಿನ ಮಾಡಿನದು.

ಆಗ ಸತ್ತ ಹೇಟೆಯ ಹೊಟ್ಟೆಯಡಿಯಿಂದ ಚಿಂವ್ ಎಂದಿತು.

ಮತ್ತೊಂದು ದನಿ. ಮತ್ತೆ ಮೂರ್ನಾಲ್ಕು. ಕೂಗಿ, ತಾಯಿ ಓಗೊಡಲೆಂದು ಸ್ವಲ್ಪ ಕಾದು, ಮತ್ತೆ ಕೂಗುತ್ತಿದ್ದವು. ಹೇಟೆಯನ್ನು ಎತ್ತಲು ಹೋದೆ. ಮರಿಗಳ ನೆರಳಿಗಾದರೂ ಇರಲಿ ಎಂದು ಅತ್ತೆ ತಡೆದರು. ಸುತ್ತ ಉಗುರುಬೆಚ್ಚಗಿನ ನೀರು ಚಿಮುಕಿಸಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಗಂಟಲೊಳಗಿಂದ ಕೊಕ್ ಕೊಕ್ ಎಂದು ಥೇಟು ಆ ಹೇಟೆಯ ದನಿಯಲ್ಲೇ ಕರೆಯತೊಡಗಿದರು. ಮೊಟ್ಟೆಗಳು ಓಗೊಟ್ಟವು. ಸಂಜೆಯೊಳಗೆ ಸತ್ತ ರೆಕ್ಕೆಯಡಿಯಿಂದ ಒದ್ದೆ ಒದ್ದೆಯಾಗಿ ಒಂಬತ್ತು ಮರಿಗಳು ಹೊರಬಂದವು.

ಊರಿಗೆ ಅತ್ತೆ ಅಷ್ಟನ್ನೇ ಹೇಳಿದರು. ಕಲ್ಲಿನ ಮಾತು ಎತ್ತಲಿಲ್ಲ. ಸತ್ತ ಕೋಳಿಯಡಿಯೂ ಮರಿ ಮಾಡಿಸಿದ ಕೈಯೆಂದು ಹೆಂಗಸರು ತಮ್ಮ ಮೊಟ್ಟೆಗಳನ್ನು ತಂದು ನನ್ನಿಂದ ಮುಟ್ಟಿಸಿಕೊಂಡು ಹೋಗತೊಡಗಿದರು. ಆಗಲೂ ಬೆರಳುಗಳನ್ನೇ ನೋಡುತ್ತಿದ್ದರು, ಒಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ. ಅತ್ತೆ ಮಾತ್ರ ಹೇಟೆಯನ್ನು ಹೂತು ಬಂದು ಕೈ ತೊಳೆಯುವಾಗ, ಅದೊಂದೇ ಸಲ, ಹೇಳಿದ್ದರು: "ಕೈಗುಣ ಚೆನ್ನಾಗೇ ಐತೆ ನಿಂದು. ಕಲ್ಲು ಮಾತ್ರ ಇಡಬ್ಯಾಡ ಕಣವ್ವ."

ಇದನ್ನೆಲ್ಲ ನೆನೆಯುತ್ತ ಮೊನ್ನೆ ಆ ಬಾಗಿಲ ಹೊರಗೇ ನಿಂತಿದ್ದೆ. ಒಳಗೆ ಮಗು ಅತ್ತಿತು. ಸ್ವಲ್ಪ ಕಾದು, ಮತ್ತೆ ಅತ್ತಿತು. ಮಗಳ ದನಿ ಕೇಳಲಿಲ್ಲ.

ಚಿಲಕ ತೆಗೆದು ಬಾಗಿಲು ತಳ್ಳಿದೆ. ಮಗಳು ಗೋಡೆಗೊರಗಿ ಕೂತಿದ್ದಳು, ಬಾಯಿ ತೆರೆದು, ಕಣ್ಣು ಬಾಗಿಲ ಮೇಲೆ. ಹಣೆ ಮುಟ್ಟಲು ಧೈರ್ಯ ಬರಲಿಲ್ಲ. ಬೆಚ್ಚಗಿದ್ದರೆ ಅದರಿಂದ ತಿಳಿಯುವುದೇನೂ ಇಲ್ಲ. ಲೋಟ ತುಂಬಿ ತುಟಿಗೆ ಹಿಡಿದೆ. ಅವಳು ನನ್ನ ಕೈಯ ಮೇಲೆ ಕೈಯಿಟ್ಟು, ಗಟಗಟ ಕುಡಿದು, "ಇನ್ನೊಂದ್ ಲೋಟ" ಎಂದಳು.

ಕಿಟಕಿ ತೆರೆದೆ. ಬಿಂದಿಗೆಯನ್ನೇ ತಂದು ಅವಳ ಪಕ್ಕದಲ್ಲಿಟ್ಟೆ.