ಲಾಯರಕ್ಕನ ಹೊಟ್ಟೆಕಿಚ್ಚು

ಇಸ್ತ್ರಿ ಅಂಗಡಿಯ ಹೆಂಗಸನ್ನು ನಮ್ಮ ಬೀದಿಯವರೆಲ್ಲ ಲಾಯರಕ್ಕ ಎನ್ನುತ್ತೇವೆ. ಕೋರ್ಟಿನ ಮೆಟ್ಟಿಲು ಹತ್ತಿದವಳೇನಲ್ಲ. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ತಂಗಿಯ ಪರವಾಗಿ ಚಿಕ್ಕಂದಿನಿಂದ ವಾದಿಸುತ್ತಾ ಬಂದವಳು. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವುದು ತಂಗಿ, ನರಳುವುದು ಅಕ್ಕ. ಅವರಿಬ್ಬರೇ ಕಟ್ಟಿಕೊಂಡ ಸನ್ನೆಗಳು ಮೂರನೆಯವರಿಗೆ ಅರ್ಥವಾಗುತ್ತಿರಲಿಲ್ಲ. ಅದೇ ಅಕ್ಕನ ಜಂಬ. ಇನ್ನೊಂದು ಅನುಕೂಲವೂ ಇತ್ತು. ಸಿಟ್ಟು ಬಂದರೆ ತಂಗಿಯ ಬೆನ್ನ ಹಿಂದೆಯೇ ನಿಂತು ಬಾಯಿಗೆ ಬಂದಂತೆ ಬೈಯಬಹುದಿತ್ತು.

ಈ ವರ್ಷ ತಂಗಿ ಸಂಜೆಯ ತರಗತಿಗೆ ಸೇರಿ ಸನ್ನೆ ಭಾಷೆ ಕಲಿತಳು. ಅಷ್ಟಕ್ಕೇ ಬಿಡದೆ, ಅಕ್ಕನ ಖಾತೆಗೆ ಬರುತ್ತಿದ್ದ ತನ್ನ ಅಂಗವಿಕಲ ಮಾಸಾಶನ ತನ್ನ ಖಾತೆಗೇ ಬರಲಿ ಎಂದು ಅರ್ಜಿ ಕೊಟ್ಟಳು. ತಾಲ್ಲೂಕು ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಲಾಯರಕ್ಕ ಪಕ್ಕದ ಅಂಗಡಿಯವಳಾದ ನನ್ನನ್ನೂ ಎಳೆದುಕೊಂಡು ಹೊರಟಳು. ಅಲ್ಲಿ ನೋಡಿದರೆ ತಂಗಿಯ ಎದುರು ಸನ್ನೆ ಭಾಷೆಯ ದುಭಾಷಿಯೊಬ್ಬಳು ಕೂತಿದ್ದಳು.

"ನಾನಿದೀನಲ್ಲ ಸಾರ್, ಇವಳ್ಯಾಕೆ?"

"ಅದು ಅವರ ಹಕ್ಕು ಕಣಮ್ಮ. ಇವತ್ತು ಅವರ ಮಾತು ಅವರೇ ಆಡ್ಲಿ, ನೀವು ಕೂತ್ಕೊಳ್ಳಿ," ಎಂದರು ಅಧಿಕಾರಿ.

ದುಭಾಷಿ ಕೈಯಾಡಿಸಿ ಏನೋ ಹೇಳಿದಳು. ತಂಗಿ ಭುಜ ಕುಣಿಸಿ ನಕ್ಕಳು. ಲಾಯರಕ್ಕನ ಹೊಟ್ಟೆ ಧಗಧಗ ಉರಿಯಿತು. ನನ್ನ ಕಡೆ ಬಾಗಿ ಗೊಣಗಿದಳು.

"ನೋಡಿದ್ಯಾ ಬಿಂಕ? ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು ನಾನು. ನನ್ನ ಹತ್ರ ಒಂದಿನ ಹೀಗೆ ನಕ್ಕಿದಾಳಾ? ಇನ್ಮೇಲೆ ಅವಳನ್ನೇ ಅಕ್ಕ ಅಂದ್ಕೊಳ್ಲಿ!"

ದುಭಾಷಿಯ ಕೈಗಳು ಆಡಿದವು. ತಂಗಿ ಗಕ್ಕನೆ ತಿರುಗಿದಳು.

"ಅಯ್ಯೋ, ಅದನ್ಯಾಕೆ ಹೇಳ್ದೆ?"

ದುಭಾಷಿ ಅದನ್ನೂ ಕೈಯಲ್ಲಿ ಹೇಳಿ, ಲಾಯರಕ್ಕನ ಕಡೆ ತಿರುಗಿದಳು. "ಇಲ್ಲಿ ಕಿವಿಗೆ ಬಿದ್ದಿದ್ದೆಲ್ಲ ಇವರಿಗೂ ಮುಟ್ಟಬೇಕಮ್ಮ. ಅದೇ ನನ್ನ ಕೆಲಸ."

ತಂಗಿಯ ಕೈಗಳು ಬಹಳ ಹೊತ್ತು ಆಡಿದವು. ದುಭಾಷಿ ಅದಕ್ಕೆ ದನಿ ಕೊಟ್ಟಳು: "ಅಕ್ಕಾ, ನೀನು ಹಿಂದಿನಿಂದ ಬೈತೀಯ ಅಂತ ಎದುರಿಗಿದ್ದೋರ ಮುಖ ನೋಡಿದ್ರೇ ತಿಳೀತಿತ್ತು. ಏನಂತ ಬೈತೀಯ ಅನ್ನೋದು ಇವತ್ತು ಗೊತ್ತಾಯ್ತು. ನಮ್ಮ ಸನ್ನೆಯಲ್ಲಿ ಊಟ ಇದೆ, ನೋವಿದೆ, ಬೇಡ ಇದೆ. ತಮಾಷೆಗೆ ಒಂದೂ ಇಲ್ವಲ್ಲಕ್ಕಾ. ನಿನ್ನ ಹತ್ರ ಹೇಗೆ ನಗ್ಲಿ?"

ಮಾಸಾಶನ ತಂಗಿಯ ಖಾತೆಗೇ ಹೋಗಲಿ ಎಂದು ಅಧಿಕಾರಿ ಬರೆದಾಗ ಲಾಯರಕ್ಕ ಹೂಂ ಅಂದಳು. ಹೊರಗೆ ಬಂದ ಮೇಲೆ ದುಭಾಷಿಯ ಮುಖ ನೋಡದೆ ನನ್ನ ಕೈ ತಿವಿದಳು. "ಹೊಟ್ಟೆಕಿಚ್ಚು ಅನ್ನೋಕೆ ಕೈ ಹೇಗೆ ಆಡಿಸ್ಬೇಕು? ಕೇಳು ಅವಳನ್ನ."

ದುಭಾಷಿ ಅದನ್ನೂ ತಂಗಿಗೆ ಮುಟ್ಟಿಸಿದಳು. ತಂಗಿ ಅವಳನ್ನು ಪಕ್ಕಕ್ಕೆ ಸರಿಸಿ, ತಾನೇ ಅಕ್ಕನ ಎದುರು ನಿಂತು ಮಾಡಿ ತೋರಿಸಿದಳು. ಇಸ್ತ್ರಿಪೆಟ್ಟಿಗೆ ಹಿಡಿದು ಮರಗಟ್ಟಿದ ಅಕ್ಕನ ಬೆರಳು ಬಗ್ಗಲೊಲ್ಲವು. ತಂಗಿ ಭುಜ ಕುಣಿಸಿ ನಕ್ಕು, ಒಂದೊಂದೇ ಬೆರಳು ಹಿಡಿದು ತಿದ್ದಿದಳು.