ಎಪಿಡಾರಸ್‌ನಲ್ಲಿ ಆಂಟಿ ಕೂತಿದ್ದ ಮೆಟ್ಟಿಲು

ನ್ಯೂಜಿಲೆಂಡಿನ ಲೋವರ್ ಹಟ್‌ನ ನಮ್ಮ ಶಾಲೆಯವರು ಕೊನೆಯ ವರ್ಷ ಇತಿಹಾಸದ ತರಗತಿಯನ್ನು ಗ್ರೀಸಿಗೆ ಕರೆದುಕೊಂಡು ಹೋಗಿದ್ದರು. ಗುಂಪಿನಲ್ಲಿ ಕನ್ನಡದವರು ನಾನು, ನನ್ನ ಗೆಳೆಯ ಮತ್ತು ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಅವನ ಅಮ್ಮ. ಆಂಟಿ ನರ್ಸ್ ಆದ್ದರಿಂದ ಶಾಲೆಯವರೇ ಕೇಳಿಕೊಂಡಿದ್ದರು.

ಅಲ್ಲಿ ಗೆಳೆಯನಿಗೊಬ್ಬನಿಗೇ ಒಂದು ಗುಟ್ಟು ಹೇಳಿದ್ದೆ. ನನಗೆ ಎಂಜಿನಿಯರಿಂಗ್ ಬೇಡ, ಈ ಹಳೆಯ ಕಲ್ಲುಗಳನ್ನೇ ಓದುತ್ತೇನೆ; ಅಪ್ಪನಿಗೆ ಸಮಯ ನೋಡಿ ನಾನೇ ಹೇಳುತ್ತೇನೆ. ಆದರೆ ನಾವು ವಾಪಸಾಗುವ ಮೊದಲೇ ಆಂಟಿ ಅಪ್ಪನಿಗೆ ಫೋನ್ ಮಾಡಿಯಾಗಿತ್ತು. ವಿಮಾನ ನಿಲ್ದಾಣದಿಂದ ಬರುವಾಗ ಕಾರಿನಲ್ಲಿ ಅಪ್ಪ ಆಡಿದ್ದು ಒಂದೇ ಮಾತು: "ಮುರಿದ ಕಂಬ ನೋಡ್ಕೊಂಡಿದ್ರೆ ಸಂಬಳ ಯಾರಪ್ಪ ಕೊಡ್ತಾರೆ?" ನಾನು ಎಂಜಿನಿಯರ್ ಆದೆ.

ಆಂಟಿಗೆ ಹೇಗೆ ಗೊತ್ತಾಯಿತೆಂದು ಶಾಲೆಯಲ್ಲಿ ಗೆಳೆಯನನ್ನು ಕೇಳಿದೆ. ಎಪಿಡಾರಸ್‌ನ ಪ್ರಾಚೀನ ಕಲ್ಲಿನ ರಂಗಮಂದಿರದಲ್ಲಿ ಕೆಳಗೆ ನಿಂತು ಕಾಗದ ಹರಿದರೂ ಮೇಲಿನ ಮೆಟ್ಟಿಲಿಗೆ ಕೇಳುತ್ತದೆ. ಅಲ್ಲಿ ಎಲ್ಲರೂ ಸರದಿಯಂತೆ ತಮ್ಮ ತಮ್ಮ ಭಾಷೆಯಲ್ಲಿ ಕೂಗಿದ್ದೆವು.

"ಜೋಕ್‌ಗೆ ಕೂಗ್ದೆ ಕಣೋ, ಇವ್ನು ಎಂಜಿನಿಯರಿಂಗ್ ಮಾಡಲ್ವಂತೆ, ಕಂಬ ಎಣಿಸ್ತಾನಂತೆ ಅಂತ. ಕನ್ನಡ ಯಾರಿಗ್ ಬರುತ್ತೆ ಅಂದ್ಕೊಂಡೆ. ಅಮ್ಮ ಮೇಲ್ಗಡೆ ಕೂತಿದ್ದು ಮರ್ತೇಹೋಯ್ತು, ಮೇಟ್. ನೀನೂ ಅಲ್ಲೇ ಕೂತು ನಕ್ಕೆಯಲ್ಲೋ!"

ನನಗೆ ನೆನಪಿರಲಿಲ್ಲ. ಅವನು ಹೇಳಿದ ಮೇಲೆ ನೆನಪಾಯಿತು. ಆಂಟಿಯ ಬಿಳಿ ಶೂ, ಬಿಸಿಲಿಗೆ ಹಣೆಗೆ ಅಡ್ಡ ಹಿಡಿದ ಕೈ, ನನ್ನತ್ತ ತಿರುಗಿದ ಮುಖ, ಎಲ್ಲವೂ. ಸದ್ದು ಒಯ್ಯುವ ಕಲ್ಲಿನ ಜೊತೆ ಯಾರು ಜಗಳ ಆಡುತ್ತಾರೆ? ಕ್ಷಮಿಸಿದೆ. ಆಮೇಲೆ ಪ್ರತಿ ಕನ್ನಡ ಕೂಟದಲ್ಲೂ ಇದನ್ನು ಇಬ್ಬರೂ ಸೇರಿ ಹೇಳಿ ನಗಿಸಿದ್ದೇವೆ. ಕೂಗು ಅವನದು, ಅಪ್ಪನ ಮಾತು ನನ್ನದು. ವಾರಾಂತ್ಯದ ಡ್ಯೂಟಿಯಿಂದಾಗಿ ಆಂಟಿ ಮಾತ್ರ ಕೂಟಗಳಿಗೆ ಬರುತ್ತಿರಲಿಲ್ಲ. ಏನನ್ನೂ ಸುಲಭವಾಗಿ ನಂಬದಿರುವುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಇದೊಂದನ್ನು ಮಾತ್ರ ಅನುಮಾನಿಸಿರಲಿಲ್ಲ.

ಹೋದ ತಿಂಗಳು ರೊಟೊಟೂನದಲ್ಲಿ ಗೆಳೆಯನ ಗೃಹಪ್ರವೇಶ. ಅಡುಗೆಮನೆಯಲ್ಲಿ ಆಂಟಿ ಕುರ್ಚಿ ಹಾಕಿಕೊಂಡು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಏನೋ ಮಾತಿಗೆ ಕೇಳಿದೆ: "ಆಂಟಿ, ಅವತ್ತು ಆ ಗ್ರೀಸ್ ಥಿಯೇಟರ್‌ನಲ್ಲಿ ನೀವು ಕೂತಿದ್ದು ನನ್ನ ಪಕ್ಕಾನೋ, ಹಿಂದೇನೋ?"

"ಎಲ್ಲಿ, ಆ ಮೆಟ್ಟಿಲ ಮೇಲಾ? ಮಂಡಿ ಊದ್ಕೊಂಡಿತ್ತಲ್ಲಪ್ಪ, ನಾನು ಬಸ್ಸೇ ಇಳೀಲಿಲ್ಲ. ಡ್ರೈವರ್ ಕಿತ್ತಳೆಹಣ್ಣು ಕೊಟ್ಟ, ತಿಂದ್ಕೊಂಡು ಕೂತಿದ್ದೆ."

"ಮತ್ತೆ ನನ್ನ ಎಂಜಿನಿಯರಿಂಗ್ ವಿಷಯ?"

"ಅದಾ? ಅಲ್ಲಿಗೆ ಹೋಗೋ ಮುಂಚೆ, ಅಥೆನ್ಸ್‌ನಲ್ಲೇ ಹೇಳಿದ್ನಲ್ಲ ನಮ್ಮೋನು. ಅಮ್ಮ, ಅವ್ರಪ್ಪಂಗೆ ಫೋನ್ ಮಾಡು, ಇವ್ನು ಹಾಳಾಗ್ತಾನೆ ಅಂತ ಒಂದೇ ಸಮ. ನಿನ್ನ ಮೇಲೆ ಎಷ್ಟು ಕಾಳಜಿ ಅವ್ನಿಗೆ!"

ಆಂಟಿಯೇ ಮರೆತಿರಬಹುದು ಎಂದುಕೊಂಡೆ. ಆದರೆ ನನ್ನ ನೆನಪಿನ ಆ ಬಿಳಿ ಶೂ ಅವರ ಆಸ್ಪತ್ರೆಯ ಶೂ. ಅವರ ಮನೆ ಬಾಗಿಲಲ್ಲಿ ದಿನವೂ ನೋಡುತ್ತಿದ್ದದ್ದು. ಉಳಿದದ್ದನ್ನು ಎಲ್ಲಿಂದ ತಂದು ಜೋಡಿಸಿದೆನೋ. ಅವನ ಕೂಗೂ ನನಗೆ ಕೇಳಿಸುವುದು ಕೂಟಗಳಲ್ಲಿ ಅವನು ಕೂಗುವ ಧಾಟಿಯಲ್ಲೇ. ಅವನು ಅಲ್ಲಿ ಅದನ್ನು ನಿಜಕ್ಕೂ ಕೂಗಿದ್ದನೇ? ಅಪ್ಪನಿಗೆ ಹೇಳಿಸಿದ್ದನ್ನು ಹೇಗೋ ನುಂಗಿಕೊಂಡೇನು. ನನ್ನ ತಲೆಯೊಳಗೇ ಒಂದು ನೆನಪನ್ನು ಕೂರಿಸಿ, ವರ್ಷಗಟ್ಟಲೆ ಅದಕ್ಕೆ ನನ್ನಿಂದಲೇ ಸಾಕ್ಷಿ ಹೇಳಿಸಿದ್ದನ್ನು?

"ಬಾರೋ, ಥಿಯೇಟರ್ ಕಥೆ ಶುರುವಾಗಿದೆ!" ಹಾಲ್‌ನಿಂದ ಅವನು ಕರೆದ.

ಹೋಗಿ ಬಾಗಿಲಲ್ಲಿ ನಿಂತೆ. ಅವನು ಕೈಯೆತ್ತಿ ಕೂಗಿದ, ಜನ ನಕ್ಕರು, ಆಮೇಲೆ ಎಲ್ಲರೂ ನನ್ನತ್ತ ತಿರುಗಿದರು. ಅಪ್ಪನ ಮಾತನ್ನು ನಾನು ಹೇಳಲಿಲ್ಲ. ಅವನು ನನ್ನನ್ನೇ ಒಂದು ಕ್ಷಣ ನೋಡಿದ. ನಂತರ, "ಮುರಿದ ಕಂಬ ನೋಡ್ಕೊಂಡಿದ್ರೆ ಸಂಬಳ ಯಾರಪ್ಪ ಕೊಡ್ತಾರೆ?" ಎಂದು ತಾನೇ ಹೇಳಿ ಮುಗಿಸಿದ, ನಮ್ಮಪ್ಪನ ದನಿಯಲ್ಲೇ.