ನಡುಗದ ಸ್ವರ ಮತ್ತು ನನ್ನ ಷಡ್ಡಕ

ನಮ್ಮ ನೆಂಟರಿಷ್ಟರಲ್ಲಿ ಯುಕುಲೆಲೆಯನ್ನು ಮೊದಲು ತಂದವನು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತಿರುತ್ತೇನೆ. ರಾಯದುರ್ಗದ ನಮ್ಮ ಮನೆಯಲ್ಲಿ, ಗಿಟಾರಿನ ಮರಿಯಂತಿದ್ದ ಆ ನಾಲ್ಕು ತಂತಿಯ ವಾದ್ಯವನ್ನು ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ನೋಡಿದ. "ಚೆನ್ನಾಗೈತಲ್ಲಣ್ಣ" ಎಂದು ತನ್ನೂರು ಮಡಕಶಿರಕ್ಕೆ ಹೋದವನೇ ಅಂಥದ್ದೇ ಒಂದನ್ನು ತರಿಸಿಕೊಂಡ. ಅದೇ ಬಣ್ಣ, ಅದೇ ಅಳತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಹಿಸಬಹುದಿತ್ತು. ಅವನಿಗೆ ವೈಬ್ರಾಟೋ ಬಂದುಬಿಟ್ಟಿತು.

ವೈಬ್ರಾಟೋ ದೊಡ್ಡ ವಿದ್ಯೆಯೇನಲ್ಲ ಎಂದು ಫೋನಿನ ವಿಡಿಯೋಗಳು ಹೇಳುತ್ತವೆ. ತಂತಿ ಒತ್ತಿದ ಬೆರಳನ್ನು ಎತ್ತದೆ ಹಿಂದೆ ಮುಂದೆ ತೂಗಿದರೆ ಸ್ವರ ಸಣ್ಣಗೆ ನಡುಗುತ್ತದೆ, ಅಷ್ಟೇ. ನಾನು ತೂಗಿದರೆ ಮೊಣಕೈ ನಡುಗುತ್ತಿತ್ತು, ಕೂತ ಪ್ಲಾಸ್ಟಿಕ್ ಕುರ್ಚಿ ನಡುಗುತ್ತಿತ್ತು. ಸ್ವರ ಮಾತ್ರ ನಮ್ಮ ಆಫೀಸಿನ ಬೀರುವಿನಂತೆ ಇಟ್ಟಲ್ಲೇ ಇರುತ್ತಿತ್ತು. ಜೊತೆಗೆ ನನ್ನ ಚಿಂತೆಗಳು. ತಂತಿ ಕಿತ್ತು ಕಣ್ಣಿಗೆ ಬಡಿದರೆ? ಈ ವಯಸ್ಸಿನಲ್ಲಿ ಬೆರಳಿನ ನರ ಹಿಡಿದುಕೊಂಡರೆ? ಹೆದರಿಕೆ ಹೆಚ್ಚಿದಷ್ಟೂ ವಾದ್ಯದ ಕತ್ತನ್ನು ಬಿಗಿಯಾಗಿ ಹಿಡಿಯುತ್ತಿದ್ದೆ.

ಅವನು ನುಡಿಸಿದ್ದನ್ನು ಫೋನಿಗೆ ಕಳಿಸುತ್ತಿದ್ದ. ಮನೆಯಲ್ಲೇ ಜೀನ್ಸ್ ಹೊಲಿಯುವ ನನ್ನ ಹೆಂಡತಿ, ನಾನು ನುಡಿಸುವಾಗ ಎಂದೂ ನಿಲ್ಲಿಸದ ಮಿಷನ್ನನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಎಷ್ಟು ಚಂದ ನುಡಿಸ್ತಾನ ನೋಡ್ರಿ."

"ಅವಂದು ಪೀಸು ಚಲೋ ಬಂದೈತಿ," ಎಂದು ಹೆಸರನ್ನೆಲ್ಲ ವಾದ್ಯಕ್ಕೇ ಕೊಡುತ್ತಿದ್ದೆ.

ನನಗೆ ಬೇಕಾಗಿದ್ದು ಸಂಗೀತ ಕಚೇರಿಯಲ್ಲ, ಸನ್ಮಾನವಲ್ಲ. ಒಂದು ಸಲ, ನನ್ನ ಸ್ವರಕ್ಕಾಗಿ ಆ ಮಿಷನ್ ನಿಲ್ಲಬೇಕಿತ್ತು.

ದಸರೆಗೆ ಅವರು ನಮ್ಮ ಮನೆಗೆ ಬಂದರು, ಅವನ ವಾದ್ಯವೂ ಬಂತು. ಆಯುಧಪೂಜೆಗೆ ಮಿಷನ್, ಕತ್ತರಿ, ಈಳಿಗೆಮಣೆಗಳ ಪಕ್ಕ ಎರಡೂ ಯುಕುಲೆಲೆಗಳನ್ನು ಇಟ್ಟು ಹೆಂಡತಿ ಗಂಧ, ಕುಂಕುಮ ಹಚ್ಚಿ ಚೆಂಡುಹೂವು ಮುಡಿಸಿದಳು. ಪೂಜೆಗಿಟ್ಟಿದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಅಷ್ಟು ಹೊತ್ತು ಅವನೂ ನುಡಿಸಲಾರ ಎಂಬುದು ಹೋಳಿಗೆಗಿಂತ ಸಿಹಿಯಾಗಿತ್ತು.

ಮರುದಿನ ಪೂಜೆ ಇಳಿಸಿ ಹೆಂಡತಿ ಒಳಗೆ ಹೊಲಿಯಲು ಕೂತಳು. ನಾವಿಬ್ಬರೂ ಕೈಗೆ ಸಿಕ್ಕ ಯುಕುಲೆಲೆ ಎತ್ತಿಕೊಂಡು ಪಡಸಾಲೆಯಲ್ಲಿ ಕೂತೆವು. ಅವನು ಒಂದು ಸ್ವರ ಮೀಟಿ ನಡುಗಿಸಿದ. ನಾನು ಮೀಟಿದೆ. ಟಣ್.

"ನಂದು ಪೀಸೇ ಸರಿ ಇಲ್ಲಪ್ಪ," ಎಂದೆ.

ಅವನು ತನ್ನ ತೊಡೆಯ ಮೇಲಿದ್ದ ವಾದ್ಯದ ಗಂಧವನ್ನು ಉಗುರಿನಿಂದ ಕೆರೆದ. ಅದರಡಿಯಲ್ಲಿ, ನಾನೇ ಕೆಳಗೆ ಬೀಳಿಸಿ ಮಾಡಿದ್ದ ಗೀರು ಕಂಡಿತು.

"ಅಣ್ಣ, ನಿಂದು ಇದು. ನೀನ್ ಹಿಡ್ಕಂಡಿರೋದು ನಂದು."

ಇಷ್ಟು ದಿನ ಸಾಕಿಕೊಂಡಿದ್ದ ಒಂದೇ ಸಮಾಧಾನವೂ ಹೋಯಿತು. ಅವನು ನನ್ನ ಎಡಗೈ ನೋಡಿ ನಕ್ಕ.

"ಕೋಳಿ ಕತ್ತು ಹಿಸುಕ್ದಂಗೆ ಹಿಡಿದಿದೀಯಲ್ಲಣ್ಣ! ಹೆಬ್ಬೆಟ್ಟು ಸಡ್ಲ ಬಿಡು. ಅದೇನ್ ಓಡೋಗ್ತೈತಾ?"

ಅವನ ಮಾತು ಕೇಳಬಾರದೆಂದು ಮನಸ್ಸಿತ್ತು, ಹೆಬ್ಬೆರಳು ಕೇಳಿತು. ಸಡಿಲ ಬಿಟ್ಟು ಬೆರಳು ತೂಗಿದೆ. ಸ್ವರ ತುಸು ಹೊಯ್ದಾಡಿ, ಆಮೇಲೆ ನೀರಿನ ಮೇಲಿನ ಬಿಸಿಲಿನಂತೆ ನಡುಗತೊಡಗಿತು. ಒಳಗೆ ಮಿಷನ್ ನಿಂತಿತು. ಹೆಂಡತಿಯ ದನಿ ಬಂತು.

"ಕೇಳಿದ್ರೇನ್ರಿ? ಹಿಂಗ ನುಡಿಸಬೇಕು. ಅವನ್ನ ನೋಡಿ ಕಲೀರಿ ಸ್ವಲ್ಪ!"

ನನ್ನ ಸ್ವರದ ಮೇಲೆ ನಾನೇ ಹೊಟ್ಟೆಕಿಚ್ಚು ಪಡಬೇಕಾಗಿ ಬಂದಿತ್ತು.

"ಅಯ್ಯೋ, ನಾನಲ್ಲಕ್ಕ!" ಷಡ್ಡಕನೇ ಕೂಗಿದ. "ಅಣ್ಣ ನುಡಿಸಿದ್ದು!"

ಹೆಂಡತಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಬಾಗಿಲಿಗೆ ಬಂದು ನನ್ನನ್ನು ನೋಡಿದಳು.

"ಹೌದೇನ್ರಿ? ಅದಕ್ಕ ಮತ್ತ, ಒಂದೀಟು ಜಾಸ್ತಿನೇ ನಡುಗ್ತು."

ಆ ಮೊದಲ ಹೊಗಳಿಕೆಯನ್ನು ಷಡ್ಡಕ ಸುಮ್ಮನೆ ತಾನೇ ಇಟ್ಟುಕೊಂಡಿದ್ದರೆ ಅವನನ್ನು ನೆಮ್ಮದಿಯಾಗಿ ಬೈದುಕೊಳ್ಳಬಹುದಿತ್ತು. ಪುಣ್ಯಾತ್ಮ, ಆ ಸೌಕರ್ಯವನ್ನೂ ನನಗೆ ಕೊಡಲಿಲ್ಲ.